ಅಕ್ಕಿಕಾಳು ಬಿದ್ದರೆ ಊದಬೇಕು

ನನ್ನ ಊದುವ ಕಾಕಾ,

ರೋಣದ ನಿನ್ನ ಕಿರಾಣಿ ಅಂಗಡಿಯಲ್ಲಿ ನೀನು ಬೆಲ್ಲ ತೂಗುತ್ತಿದ್ದದ್ದು ಇವತ್ತು ಬೆಳಿಗ್ಗೆ ಸುಮ್ಮನೆ ನೆನಪಾಯಿತು. ತುಟಿಯ ಸಂದಿಯಲ್ಲಿ ಕ್ಲಾರಿಯೊನೆಟ್ಟಿನ ರೀಡು. ಆ ತೆಳುವಾದ ಪಟ್ಟಿ ಎಂಜಲಲ್ಲಿ ಚೆನ್ನಾಗಿ ನೆನೆದರೆ ಮಾತ್ರ ನಾದ ಮೆತ್ತಗಾಗುತ್ತದೆ ಅಂತ, ಮದುವೆಗಳಲ್ಲಿ ಬ್ಯಾಂಡು ಊದುವ ದಿನಗಳು ಶುರುವಾದರೆ ನೀನು ಅದನ್ನು ಬಾಯಿಂದ ತೆಗೆಯುತ್ತಲೇ ಇರಲಿಲ್ಲ. ಗಿರಾಕಿ "ಬ್ಯಾಳಿ ಹ್ಯಾಂಗ್ರಿ?" ಅಂದರೆ ಬೆರಳು ತೋರಿಸುತ್ತಿದ್ದೆ. "ಒಂದೀಟು ಕಡಿಮಿ ಮಾಡ್ರೆಲಾ" ಅಂದರೆ ತಲೆ ಅಲ್ಲಾಡಿಸುತ್ತಿದ್ದೆ. ಬಾಯಿ ಬಿಟ್ಟರೆ ರೀಡು ಬೀಳುತ್ತದೆ, ಹಾಗಾಗಿ ಚೌಕಾಸಿಗೆ ಜಾಗವೇ ಇಲ್ಲ. ಬಸಣ್ಣನದು ಒಂದೇ ದರದ ಅಂಗಡಿ ಅಂತ ನಿನಗೆ ಊರಲ್ಲಿ ಹೆಸರು ಬಂದದ್ದು ಹಾಗೇ ಅಲ್ಲವೇ? ಒಂದು ಪ್ರಾಸಕ್ಕೆ ಒಂದು ಪೆಪ್ಪರಮೆಂಟಿನಂತೆ ನನಗೆ ಚಟ ಹಚ್ಚಿದವನೂ ನೀನೇ. ಆಗ ಕಟ್ಟಿದ್ದು ಇನ್ನೂ ಬಾಯಲ್ಲಿದೆ:

ಬಾಯಲ್ಲಿ ರೀಡು, ಕೈಯಲ್ಲಿ ತಕ್ಕಡಿ,
ಮಾತಿಲ್ಲದ ಕಾಕನ ಮಜಬೂತ ಅಂಗಡಿ.

ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಶೇಂಗಾ ಚೀಲಗಳ ಮೇಲೆ ನನ್ನನ್ನು ಕೂರಿಸಿ ನೀನು ಕ್ಲಾರಿಯೊನೆಟ್ಟನ್ನು ಕೈಗೆ ಕೊಟ್ಟಾಗ ನಾನಿನ್ನೂ ಹೈಸ್ಕೂಲು. "ಹೊಟ್ಟಿ ಅಂದ್ರ ಚೀಲ ಇದ್ದಂಗ ಸುನಿ. ಮೊದಲ ತುಂಬು. ಆಮ್ಯಾಲ ಬಾಯಿ ಕಟ್ಟು. ಸಣ್ಣ ತೂತಿನ್ಯಾಗಿಂದ ಸಜ್ಜಿ ಸೋರತೈತಲಾ, ಹಂಗ ಬಿಡು" ಅಂದೆ. ನಾನು ಬಿಟ್ಟದ್ದು ಸಜ್ಜೆ ಸೋರಿದಂತೆ ಇರಲಿಲ್ಲ, ಚೀಲವೇ ಹರಿದಂತೆ ಇತ್ತು. ಎರಡು ಬೇಸಿಗೆ ಹೀಗೇ ಹರಿಸಿದ ಮೇಲೆ ನೀನು ನನ್ನ ತಲೆ ಸವರಿ ಹೇಳಿದ ಮಾತು ಮನೆತನಕ್ಕೇ ಗಾದೆಯಾಯಿತು: "ಉಸುರಿದ್ರ ಊದು, ಇಲ್ಲಂದ್ರ ಓದು." ನಾನು ಓದಿದೆ. ಕನ್ನಡ ಮಾಧ್ಯಮದಲ್ಲೇ ಬಿ.ಎ. ಮುಗಿಸಿದೆ. ಪ್ರಾಸ ಬಿಟ್ಟರೆ ಬೇರೇನೂ ಗಿಟ್ಟಲಿಲ್ಲ ಅನ್ನುವುದು ಬೇರೆ ಮಾತು.

ನನ್ನ ಮದುವೆಯ ಮುಹೂರ್ತ ನೆನಪಿದೆಯೇ? ಅಯ್ಯನವರ ಮಂತ್ರ ಮುಗಿಯುತ್ತ ಬಂದಿತ್ತು. ಚಪ್ಪರದಲ್ಲಿ ಎಲ್ಲರ ಮುಷ್ಟಿಯಲ್ಲೂ ಅರಿಸಿನ ಹಚ್ಚಿದ ಅಕ್ಕಿಕಾಳು. ಹುಡುಗಿಯ ಕಾಕಾ ಅಂದಮೇಲೆ ಮೊದಲ ಮುಷ್ಟಿ ನಿನ್ನದೇ. ನೋಡಿದರೆ ನೀನು ಬೀಗರ ಸಾಲಿನಲ್ಲಿ ಇಲ್ಲ. ರೇಶಿಮೆ ರುಮಾಲು ಸುತ್ತಿಕೊಂಡೇ ಬ್ಯಾಂಡಿನವರ ನಡುವೆ ನಿಂತಿದ್ದೆ, ಕೆನ್ನೆ ಉಬ್ಬಿಸಿಕೊಂಡು! ನಿನ್ನ ಪಾಲಿನ ಅಕ್ಕಿ ಪಕ್ಕದವರ ಕೈಗೆ ದಾಟಿತ್ತು. ಅಕ್ಕಿ ಬಿದ್ದದ್ದೇ ತಡ ನೀನು ಊದಿದ ರೀತಿಗೆ ನನ್ನ ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಹಿರಿಯರೆಲ್ಲ ಸೇರಿ ಬೈದಾಗ ನೀನು ಕೊಟ್ಟ ಉತ್ತರ ಇಷ್ಟೇ: "ಅಕ್ಕಿ ಯಾರರ ಹಾಕ್ತಾರ. ಅಕ್ಕಿಕಾಳು ಬಿದ್ದಿಂದ ಬ್ಯಾಂಡು ಒಂದ್ ಉಸುರು ತಡಾ ಆದ್ರೂ ಲಗ್ನ ಹಳೀದಾಗತೈತಿ."

ಆ ಪದ್ಧತಿ ನಿಮ್ಮ ಬ್ಯಾಂಡಿನವರ ರಕ್ತದಲ್ಲೇ ಇತ್ತು ಬಿಡು. ಮುಹೂರ್ತಕ್ಕೆ ಯಾರೂ ಸನ್ನೆ ಮಾಡುವುದಿಲ್ಲ, ಯಾರೂ ಎಣಿಸುವುದಿಲ್ಲ. ಅಕ್ಕಿ ಗಾಳಿಯಲ್ಲಿ ಕಂಡರೆ ಸಾಕು, ಎಲ್ಲರೂ ತಮ್ಮ ತಮ್ಮ ಎತ್ತರದ ಸ್ವರವನ್ನು ಹಿಡಿದು, ಎದೆ ಬಿರಿಯುವ ಹಾಗೆ ಊದಬೇಕು. ರಾಗ ಗೀಗ ಏನಿಲ್ಲ. ಬರೀ ಸಂತೋಷದ ಗದ್ದಲ. ಇದನ್ನು ಯಾಕೆ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ ಅಂದರೆ... ತಡೆ, ಹೇಳುತ್ತೇನೆ.

ನಿನ್ನ ವರ್ಷದ ಕಾರ್ಯಕ್ಕೆ ರೋಣಕ್ಕೆ ಬಂದಾಗ ನಿನ್ನ ಕ್ಲಾರಿಯೊನೆಟ್ಟನ್ನು ನೋಡಿ ಚಪ್ಪಲಿ ಬಿಡುವುದನ್ನೂ ಮರೆತೆ. ನಿನ್ನ ಮಗ ವಿರೂಪಾಕ್ಷ ಅದನ್ನು ಶೋಕೇಸಿಗೆ ಏರಿಸಿದ್ದ. ಎಡಕ್ಕೆ ಪ್ಲಾಸ್ಟಿಕ್ ಗುಲಾಬಿ, ಬಲಕ್ಕೆ ಕತ್ತು ಅಲ್ಲಾಡಿಸುವ ಗೊಂಬೆ, ನಡುವೆ ನೀನು ಐವತ್ತು ಬೇಸಿಗೆ ಉಸಿರು ತುಂಬಿದ ಆ ಕರಿಯ ಕೊಳವೆ. ಮೇಲೆ ಗಾಜು, ಗಾಜಿಗೆ ಕೀಲಿ. ಅವನದೇನೂ ಕೆಟ್ಟ ಮನಸ್ಸಲ್ಲ, ನಿನಗೂ ಗೊತ್ತು. ಆದರೆ ಗಾಜಿನ ಒಳಗೆ ಗಾಳಿಯೂ ಇಲ್ಲ, ಗಾನವೂ ಇಲ್ಲ.

"ವಿರೂಪಾಕ್ಷಿ, ಅದನ್ನ ಹೊರಗ ತಗಿಯೋ. ಒಣಗಿ ಸೀಳತೈತಿ."

"ಅಪ್ಪನ ಗುರ್ತು ಅಕ್ಕಾ ಅದು. ಅಲ್ಲೇ ಇರಲಿ."

"ಗುರ್ತಿಗೆ ಫೋಟೋ ಐತೆಲಾ. ಇದು ಊದೂದು."

"ಊದವ್ರು ಯಾರು? ನೀನ?" ಅಂತ ನಕ್ಕ.

ಚಹಾ ತಂದ ಕಾಕು ತಟ್ಟೆಯನ್ನು ಕೆಳಗಿಟ್ಟು ಅವನನ್ನೇ ನೋಡಿದಳು. "ಕೊಡೋ ಅಕೀಗೆ. ನಿಮ್ಮಪ್ಪ ಇದ್ದಾಗ ಲಗ್ನದ ದಿವಸದಾಗ ನನಗ ಗಂಡಾನ ಇರಲಿಲ್ಲ, ಇದರ ಕಾಲಾಗ. ಆಗ ಇದರ ಬಾಯಿ ಮುಚ್ಚಿದ್ರ ಸಾಕಾಗಿತ್ತು. ಈಗ ಬಾಯಿ ಮುಚ್ಚಿಕೊಂಡು ನನ್ನೆದುರಿಗೇ ಕುಂತೈತಿ. ನೋಡಾಕ ಆಗವಲ್ದು."

ವಿರೂಪಾಕ್ಷ ಹೊರಗೆ ತೆಗೆದು ಕೊಟ್ಟ. ವ್ಯಾಪಾರಿಯ ಮಗ, ಕರಾರಿಲ್ಲದೆ ಕೊಡುತ್ತಾನೆಯೇ? "ಈ ಬ್ಯಾಸಿಗಿ ಮುಗಿಯೋದ್ರಾಗ ಮಂದಿ ಮುಂದ ಕುಂತು ಊದಿ ತೋರಸು. ನಿಂದಾತು. ಇಲ್ಲಂದ್ರ ವಾಪಸ್ ಇಲ್ಲೇ."

ನರಗುಂದಕ್ಕೆ ಮರಳಿದ ಮೇಲೆ ಫೋನಿನಲ್ಲಿ ಒಂದು ಪ್ರಕಟಣೆ ಕಂಡಿತು. ಗಜೇಂದ್ರಗಡದಲ್ಲಿ ಬೇಸಿಗೆಯ ಆರ್ಕೆಸ್ಟ್ರಾ ಉತ್ಸವ. ವಾದ್ಯ ಯಾವುದಾದರೂ ಸರಿ, ವಯಸ್ಸು ಎಷ್ಟಾದರೂ ಸರಿ. ಎಲ್ಲರೂ ಕೂಡಿ ಅಭ್ಯಾಸ ಮಾಡಿ ಕೊನೆಯ ಸಂಜೆ ಒಂದೇ ವೇದಿಕೆಯ ಮೇಲೆ ನುಡಿಸುವುದು. ಆರ್ಕೆಸ್ಟ್ರಾ ಅಂದರೆ ಸಿನಿಮಾ ಹಾಡು ಅಂತಲೇ ತಿಳಿದ ಊರು ನಮ್ಮದು. ನನ್ನ ಗಂಡ ಮೊದಲು ಕೇಳಿದ್ದೇ "ಡಾನ್ಸ್ ಇರತೈತೇನ?" ಅಂತ. ಇಲ್ಲ ಅಂದಮೇಲೆ ಆಸಕ್ತಿ ಇಳಿಯಿತು, ಒಪ್ಪಿಗೆ ಉಳಿಯಿತು. "ಹೋಗಿ ಬಾ. ಆದ್ರ ಅಭ್ಯಾಸ ಅಲ್ಲೇ ಮುಗಿಸ್ಕೊಂಡ ಬಾ. ಇಲ್ಲಿ ಊದಿದ್ರ ಓಣ್ಯಾಗಿನ ಮಂದಿ ಲಗ್ನ ಐತಿ ಅಂತ ತಿಳದು, ಉಡುಗೊರಿಗೆ ಗ್ವಾಡಿ ಗಡಿಯಾರ ಕಟ್ಟಿಸ್ಕೊಂಡು ಊಟಕ್ಕ ಬಂದಾರು." ಗಜೇಂದ್ರಗಡದಲ್ಲಿ ನಾದಿನಿಯ ಮನೆ ಇತ್ತು. ಚೀಲದಲ್ಲಿ ಎರಡು ಸೀರೆ, ಉಡಿಯಲ್ಲಿ ನಿನ್ನ ಕ್ಲಾರಿಯೊನೆಟ್ಟು. ಸೂಡಿ ದಾಟುವವರೆಗೂ ಬಸ್ಸಿನ ಕಂಡಕ್ಟರ್ ಅದನ್ನು ಹಿಟ್ಟಿನ ಗಿರಣಿಯ ಯಾವುದೋ ಭಾಗ ಅಂದುಕೊಂಡಿದ್ದ.

ಉತ್ಸವ ನಡೆಯುವ ಸಾಲೆಯ ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ ನನ್ನನ್ನು ನೋಡಿ ನಯವಾಗಿ ಕೇಳಿದಳು: "ಮಕ್ಕಳನ್ನ ಬಿಡಾಕ ಬಂದೀರೇನ್ರಿ ಅಕ್ಕಾರ?"

"ಹೌದವಾ. ನನ್ನನ್ನ ನಾನೇ ಬಿಡಾಕ ಬಂದೇನಿ."

ಅವಳು ನಕ್ಕು ನನ್ನನ್ನು ಒಳಗೆ ಕಳಿಸಿದಳು. ದೊಡ್ಡ ಹಾಲಿನಲ್ಲಿ ಪಿಟೀಲು, ಹಾರ್ಮೋನಿಯಂ, ಕೊಳಲು, ತಬಲಾ, ಡೋಲು, ಮೂಲೆಗೆ ನಮ್ಮ ಊದುವವರ ಸಾಲು. ಕ್ಲಾರಿಯೊನೆಟ್ಟನ್ನು ನಾನು ಬಟ್ಟೆಯಿಂದ ಬಿಚ್ಚುವುದೇ ತಡ, ಪಕ್ಕದ ಕುರ್ಚಿಯ ಬಿಳಿಮೀಸೆಯವರು ಬಗ್ಗಿ ಅದರ ತುದಿ ಮುಟ್ಟಿದರು. ಅಲ್ಲಿ ಸುತ್ತಿದ ತಾಮ್ರದ ತಂತಿ ನೋಡಿದರು. "ಇದು ಬಸಣ್ಣಂದಲ್ಲೇನ? ಅಬ್ಬಿಗೇರಿ ಲಗ್ನದಾಗ ಟ್ರಾಕ್ಟರಿನಿಂದ ಬಿದ್ದು ಸೀಳಿದಾಗ ಈ ತಂತಿ ಸುತ್ತಿದಾಂವ ನಾನ!" ಯಾರು ಗೊತ್ತಾಯಿತೇ? ಸೂಡಿಯ ಯಲ್ಲಪ್ಪಣ್ಣ, ನಿನ್ನ ಬ್ಯಾಂಡಿನ ಯಲ್ಲಪ್ಪಣ್ಣ! "ನೀನು ಆ 'ಇಲ್ಲಂದ್ರ ಓದು' ಹುಡುಗಿ ಅಲ್ಲೇನ?" ಅಂತ ಕೇಳಿಬಿಟ್ಟರು. ಕಾಕಾ, ನನ್ನ ಕೀರ್ತಿಯನ್ನು ನೀನು ಎಲ್ಲೆಲ್ಲಿ ಹಬ್ಬಿಸಿದ್ದೆ ಮಾರಾಯ?

ಮೊದಲ ದಿನಗಳ ನನ್ನ ಸಾಧನೆಯನ್ನು ಪ್ರಾಸದಲ್ಲೇ ಹೇಳಿದರೆ ವಾಸಿ: ಸೋಮವಾರ ಕೀಂ, ಮಂಗಳವಾರ ಪೀಂ, ಬುಧವಾರ ಪಕ್ಕದ ಮನೆಯ ಕಿಟಕಿ ಧೀಂ. ಹಿತ್ತಲಲ್ಲಿ ನಾನು ಸಾಧನೆ ಮಾಡುತ್ತಿದ್ದರೆ ನಾದಿನಿ ಒಳಗಿಂದ ಓಡಿ ಬಂದಳು. "ಅಯ್ಯ, ನೀವೇನ್ರಿ ವೈನಿ? ನಾ ಕುಕ್ಕರ್ ಕೂಗಿತು ಅಂತ ಗ್ಯಾಸ್ ಆರಿಸೇನಿ." ಅವತ್ತು ಎಲ್ಲರೂ ಅರೆಬೆಂದ ಅನ್ನ ಉಂಡೆವು. ಬೈಯಲು ಯಾರ ಬಾಯಿಗೂ ಬಿಡುವಿರಲಿಲ್ಲ, ಅಗಿಯುವುದರಲ್ಲೇ ಇದ್ದರು.

ಹುಬ್ಬಳ್ಳಿಯಿಂದ ಬಂದಿದ್ದ ದೇಸಾಯಿ ಸರ್ ಎಲ್ಲರ ಮುಂದೆ ನಿಂತು ಸಣ್ಣ ಕಡ್ಡಿಯಿಂದ ಇಡೀ ಮೇಳವನ್ನು ನಡೆಸುವವರು. ಕಡ್ಡಿ ಎತ್ತಿದರೆ ಶುರು, ಇಳಿಸಿದರೆ ನಿಲ್ಲು. ಪಿಟೀಲಿನವರು ಚಂದಾಗಿ ಕೇಳುತ್ತಿದ್ದರು. ನಮ್ಮ ಸಾಲು ಮಾತ್ರ ಅದನ್ನು ನೊಣ ಹೊಡೆಯುವ ಕಡ್ಡಿಯ ಹಾಗೆ ನೋಡುತ್ತಿತ್ತು. ಅವರು ದುರ್ಗಾ ರಾಗದಲ್ಲಿ ಒಂದು ರಚನೆ ಕಟ್ಟಿದ್ದರು. ಕೊನೆಯಲ್ಲಿ ಒಂದೊಂದೇ ವಾದ್ಯ ಸುಮ್ಮನಾಗುತ್ತ ಬಂದು, ಕಟ್ಟಕಡೆಗೆ ಕ್ಲಾರಿಯೊನೆಟ್ಟಿನ ಒಂದೇ ಉದ್ದ ಪಂಚಮ ಉಳಿದು, ಅದೂ ಸಣ್ಣಗಾಗುತ್ತ ಹೋಗಬೇಕು. "ದೀಪ ಆರಿಸಿದಂಗಲ್ರಿ, ದೀಪ ಒಳಗಿನ ಖೋಲಿಗೆ ಒಯ್ದಂಗ" ಅಂದರು ಸರ್. ಎಷ್ಟು ಚಂದದ ಮಾತು! ಯಲ್ಲಪ್ಪಣ್ಣ ಊದಿದರು. ದೀಪ ಅಲ್ಲ, ಲಾರಿಯ ಹೆಡ್‌ಲೈಟು ಬಂತು.

"ಸಣ್ಣಗ್ರಿ ಯಲ್ಲಪ್ಪಣ್ಣ, ಸಣ್ಣಗ."

"ಸಣ್ಣಗ ಹ್ಯಾಂಗ್ರಿ ಸರ್? ಸಣ್ಣಗ ಊದಿದ್ರ ಬೀಗರು 'ಯಾರು ಸತ್ರು?' ಅಂತ ಕೇಳತಾರ್ರಿ."

ಉಳಿದ ಒಬ್ಬಿಬ್ಬರದೂ ಅದೇ ಕಥೆ. ಆಗ ಸರ್ ನನ್ನ ಕಡೆ ತಿರುಗಿದರು. ನಾನು ಊದಿದೆ. ಉಸಿರೇ ಇಲ್ಲದವಳು ಸಣ್ಣಗಲ್ಲದೆ ಇನ್ನು ಹೇಗೆ ಊದಲಿ? ಪಿಟೀಲಿನವರೂ ತಿರುಗಿ ನೋಡಿದರು. ಹುಟ್ಟಿದಾಗಿನಿಂದ ಕೊರತೆ ಅಂದುಕೊಂಡದ್ದು ಒಂದು ನಿಮಿಷ ಅರ್ಹತೆಯಾಗಿ ನಿಂತಿತು. ಒಂದು ನಿಮಿಷ ಎಲ್ಲಿಯದು, ಅರ್ಧದಲ್ಲೇ ಕೀಂ ಅಂತ ಮುರಿಯಿತು. "ನಾದ ಐತಿ, ಉದ್ದ ಇಲ್ಲ. ಕೊನಿ ಸಂಜಿಯೊಳಗ ಉದ್ದ ಬಂದ್ರ ವೇದಿಕಿ ಮ್ಯಾಲೆ ನೀವು. ಇಲ್ಲಂದ್ರ ಈ ಸ್ವರಾನ ಕೊಳಲಿಗೆ ಕೊಟ್ಟು ನಿಮ್ಮನ್ನ ಮುಂದಿನ ಸಾಲಿನ್ಯಾಗ ಕುಂಡ್ರಸ್ತೇನಿ, ಕೇಳಾಕ" ಅಂದರು ಸರ್. ಅವರಿಗೇನು ಗೊತ್ತು, ಆ ಸ್ವರ ಕೊಳಲಿಗೆ ಹೋದರೆ ನೀನು ಶೋಕೇಸಿಗೆ ಹೋಗುತ್ತೀ ಅಂತ?

ರೊಟ್ಟಿ ಬಡಿಯುತ್ತ ಕೂತಿದ್ದ ನಾದಿನಿಯ ಪಕ್ಕದಲ್ಲಿ ಸಜ್ಜೆಯ ಚೀಲ ಇತ್ತು. ಮೂಲೆಯಲ್ಲಿ ಇಲಿ ಮಾಡಿದ ಸಣ್ಣ ತೂತು. ಅದರಿಂದ ಕಾಳು ಇಷ್ಟಿಷ್ಟೇ, ಸದ್ದಿಲ್ಲದೆ, ನಿಲ್ಲದೆ ಇಳಿಯುತ್ತಿತ್ತು. ನೋಡುತ್ತ ನೋಡುತ್ತ ನನ್ನ ಹೊಟ್ಟೆಗೇ ಏನೋ ತಿಳಿದ ಹಾಗಾಯಿತು. ನಾನು ಇಷ್ಟು ವರ್ಷ ಎದೆ ತುಂಬಿಕೊಳ್ಳುತ್ತಿದ್ದೆ, ಕಾಕಾ. ನೀನು ಹೇಳಿದ್ದು ಹೊಟ್ಟೆ! ನಾದಿನಿ ತೂತಿಗೆ ಬಟ್ಟೆ ತುರುಕಲು ಹೋದರೆ "ಇರಲಿ ಬಿಡವಾ, ನನ್ನ ಗುರು ಅದು" ಅಂದೆ. ಅವಳು ನನ್ನನ್ನು ನೋಡಿದ ನೋಟ... ಬಿಸಿಲು ಭಾಳ ಇತ್ತು ಆ ದಿನಗಳಲ್ಲಿ, ಪಾಪ ಅವಳು ಅದಕ್ಕೇ ಲೆಕ್ಕ ಹಾಕಿರಬೇಕು. ಅಂದಿನಿಂದ ರೊಟ್ಟಿಯ ತಾಳಕ್ಕೆ ನನ್ನ ಪಂಚಮ. ಒಂದು ರೊಟ್ಟಿಯಷ್ಟು ಉದ್ದ ಇದ್ದದ್ದು ಎರಡು ರೊಟ್ಟಿಯಷ್ಟಾಯಿತು. ಕೊನೆಯ ದಿನದ ತಾಲೀಮಿನಲ್ಲಿ ನಾನು ಊದಿ ಮುಗಿಸಿದಾಗ ಸರ್ ಕಡ್ಡಿಯಿಂದ ವೇದಿಕೆಯ ಮೇಲಿನ ನನ್ನ ಕುರ್ಚಿ ತೋರಿಸಿದರು. ಯಲ್ಲಪ್ಪಣ್ಣ ಮಾತ್ರ ಕಿವಿಯಲ್ಲಿ "ಓದಿದ್ದು ಸಾಕಾತು ಅನಸ್ತೈತಿ" ಅಂದರು.

ಕೊನೆಯ ಸಂಜೆ ಸಾಲೆಯ ಬಯಲಿನಲ್ಲಿ ಜನ ತುಂಬಿದ್ದರು. ರೋಣದಿಂದ ವಿರೂಪಾಕ್ಷ ಕಾಕುವನ್ನು ಕಾರಿನಲ್ಲಿ ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿ, ತಾನು ಕೈಕಟ್ಟಿ ಪಕ್ಕದಲ್ಲಿ ಕೂತಿದ್ದ, ಪರೀಕ್ಷಕರ ಹಾಗೆ. ಅವನ ಬೆರಳಲ್ಲಿ ಕೀಲಿಗೊಂಚಲು ತಿರುಗುತ್ತಿತ್ತು. ದುರ್ಗಾ ಶುರುವಾಯಿತು. ಎಷ್ಟು ಚಂದ ಬಂತು ಅಂತೀ! ಪಿಟೀಲು ನಿಂತಿತು. ಹಾರ್ಮೋನಿಯಂ ನಿಂತಿತು. ಕೊಳಲು, ತಬಲಾ ನಿಂತವು. ನನ್ನ ಪಂಚಮ ಒಂದೇ ಉಳಿಯಿತು. ಸಜ್ಜೆ ಸೋರುತ್ತಿತ್ತು ಕಾಕಾ, ಇಷ್ಟಿಷ್ಟೇ, ನಿಲ್ಲದೆ. ದೀಪ ಇನ್ನೇನು ಒಳಗಿನ ಕೋಣೆಯ ಹೊಸ್ತಿಲು ದಾಟಬೇಕು...

ಕಾಕು ಎದ್ದು ನಿಂತಳು. ಸೆರಗಿನ ಗಂಟಿನಲ್ಲಿ ಅವಳು ಅಕ್ಕಿಕಾಳು ತಂದದ್ದು ಯಾರಿಗೆ ಗೊತ್ತಿತ್ತು? ಮಗಳು ಮೊದಲ ಸಲ ಮಂದಿಯ ಮುಂದೆ ಕೂತಿದ್ದಾಳೆ, ಮುಗಿದ ಮೇಲೆ ಹರಸಿ ಹಾಕೋಣ ಅಂತ ತಂದಿದ್ದಳಂತೆ. ಎಲ್ಲರೂ ಒಬ್ಬೊಬ್ಬರೇ ನಿಲ್ಲಿಸಿದ್ದನ್ನು ನೋಡಿ ಮುಗಿಯಿತು ಅಂದುಕೊಂಡಳು. ಮುಷ್ಟಿ ತುಂಬ ತೂರಿದಳು. ಹಳದಿ ಅಕ್ಕಿ ವೇದಿಕೆಯ ದೀಪದಲ್ಲಿ ಮಿಂಚುತ್ತ ಬಂದು ಯಲ್ಲಪ್ಪಣ್ಣನ ತೊಡೆಯ ಮೇಲೆ ಬಿತ್ತು.

ಮುಂದಿನದನ್ನು ನಿನಗೆ ಹೇಳಬೇಕೇ? ಯಲ್ಲಪ್ಪಣ್ಣ ಊದಿದರು. ಅವರ ಹಿಂದಿನವರು ಊದಿದರು. ಡೋಲಿನವನಿಗೆ ಮೈಮೇಲೆ ಬಂದಂತಾಯಿತು. ಮತ್ತೆ ನಾನು? ನಾನು ಯಾವ ಬ್ಯಾಂಡಿನವಳು, ಯಾವ ಮದುವೆಯಲ್ಲಿ ಊದಿದವಳು? ಆದರೂ ಅಕ್ಕಿ ಕಂಡದ್ದೇ ತಡ, ನನ್ನ ಸಣ್ಣ ಪಂಚಮ ಒಂದೇ ನೆಗೆತಕ್ಕೆ ಮೇಲೇರಿ, ನನಗೆ ಯಾವತ್ತೂ ಇಲ್ಲದ ಉಸಿರಿನಲ್ಲಿ, ನನ್ನ ಮದುವೆಯ ಚಪ್ಪರದಲ್ಲಿ ನೀನು ಹಿಡಿದಿದ್ದ ಅದೇ ಎತ್ತರದಲ್ಲಿ... ಆ ಉಸಿರು ಎಲ್ಲಿಂದ ಬಂತು ಅಂತ ನಾನು ಕೇಳುವುದಿಲ್ಲ. ನೀನೂ ಹೇಳಬೇಡ.

ಬಯಲೆಲ್ಲ ಎದ್ದು ನಿಂತಿತು. ಮದುವೆಯಲ್ಲಿ ಹೇಗೋ ಹಾಗೇ, ಎಲ್ಲರೂ ಒಟ್ಟಿಗೆ ಚಪ್ಪಾಳೆ. ಹೆಂಗಸರು ತಮ್ಮ ಮುಷ್ಟಿಯಲ್ಲಿ ಅಕ್ಕಿ ಹುಡುಕಿಕೊಂಡರು. ಹಿಂದಿನ ಸಾಲಿನ ಒಂದಿಷ್ಟು ಮಂದಿ ಅಭ್ಯಾಸಬಲದಿಂದ ಊಟದ ಪಂಕ್ತಿ ಹಿಡಿಯಲು ಓಡಿದರು ಅಂತ ಆಮೇಲೆ ನಾದಿನಿ ಹೇಳಿದಳು. ದೇಸಾಯಿ ಸರ್ ಒಬ್ಬರೇ, ಎತ್ತಿದ ಕಡ್ಡಿ ಎತ್ತಿದ ಹಾಗೇ, ಗಾಳಿಯಲ್ಲಿ ನಿಂತಿದ್ದರು. ನಾನು ಕ್ಲಾರಿಯೊನೆಟ್ಟನ್ನು ಉಡಿಗೆ ಇಳಿಸಿದೆ. ಮುಗಿಯಿತು, ಗುಲಾಬಿ ಮತ್ತು ಗೊಂಬೆಯ ನಡುವಿನ ಜಾಗ ಖಾತ್ರಿಯಾಯಿತು ಅಂದುಕೊಂಡೆ.

ಗದ್ದಲ ಇಳಿದ ಮೇಲೆ ಸರ್ ಮೈಕು ಹಿಡಿದರು. "ಅಕ್ಕಿ ಹಾಕಿದವ್ರು ಯಾರ್ರಿ?"

ಕಾಕು ಮತ್ತೆ ಎದ್ದಳು. "ನಾನ್ರಿ. ತಪ್ಪಾತೇನ್ರಿ?"

"ತಪ್ಪ ಅಲ್ರಿ ತಾಯಿ, ಲಗೂ ಆತು." ಸರ್ ನಗು ತಡೆಯಲಾಗದೆ ತಲೆ ತಗ್ಗಿಸಿದರು. "ದೀಪ ಇನ್ನೂ ಖೋಲಿ ಮುಟ್ಟಿರಲಿಲ್ರಿ. ಮುಂದಿನ ವರ್ಷ ಮುಟ್ಟಿದ ಮ್ಯಾಲೆ ಹಾಕ್ರಿ. ನಾ ಸನ್ನಿ ಮಾಡ್ತೇನಿ. ಈ ಗದ್ದಲಾನೂ ರಚನೆದಾಗ ಸೇರಿಸಿದ್ರಾತು."

ಕಾರಿನ ಹತ್ತಿರ ವಿರೂಪಾಕ್ಷ ನಿಂತಿದ್ದ. ನಾನು ಕ್ಲಾರಿಯೊನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಅವನ ಮುಂದೆ ಹಿಡಿದೆ. ಕರಾರು ಕರಾರೇ. ಊದಿ ತೋರಿಸಿದ್ದು ಹೌದು, ಆದರೆ ಹೀಗೆ ಊದು ಅಂತ ಯಾರು ಹೇಳಿದ್ದರು? ಅವನು ಅದನ್ನು ಮುಟ್ಟಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದ: "ಶೋಕೇಸಿನ ಕೀಲಿ ಎಲ್ಲೋ ಕಳೀತ ನೋಡಕ್ಕಾ. ತಗದು ಇಡಾಕ ಬರೂದಿಲ್ಲ." ಕೀಲಿಗೊಂಚಲು ಅವನ ಬೆರಳಲ್ಲೇ ಇತ್ತು. ನಿನ್ನ ಮಗ, ಕಾಕಾ, ಸುಳ್ಳು ಹೇಳುವುದರಲ್ಲಿ ನಿನ್ನಷ್ಟೇ ದಡ್ಡ.

ಈಗ ಖರೇ ಸುದ್ದಿ, ಅದಕ್ಕೇ ಈ ಪತ್ರ. ನಿನ್ನ ಮೊಮ್ಮಗಳು, ವಿರೂಪಾಕ್ಷನ ಮಗಳು ಶ್ವೇತಾಳ ಮದುವೆ ಗೊತ್ತಾಗಿದೆ. ಹುಡುಗ ಚಿಕ್ಕನರಗುಂದದವನು; ಸಾಲೆ ಮಾಸ್ತರ, ಮಾತು ಕಡಿಮೆ. ನಿನಗೆ ಹಿಡಿಸುತ್ತಿದ್ದ. ದೀಪಾವಳಿ ಮುಗಿದ ಮೇಲೆ ರೋಣದಲ್ಲೇ ಮುಹೂರ್ತ. ನಿನ್ನೆ ವಿರೂಪಾಕ್ಷ ಹೇಳಲು ಬಂದವನು ಚಹಾ ಕುಡಿದು, ಅಂಗಳಕ್ಕೆ ಇಳಿದು, ಚಪ್ಪಲಿ ಮೆಟ್ಟಿದ ಮೇಲೆ ತಿರುಗಿ ನಿಂತ. "ಯಲ್ಲಪ್ಪ ಕಾಕಾನ ಬ್ಯಾಂಡಿಗೆ ಹೇಳೇನಿ. ಒಬ್ಬರು ಕಡಿಮಿ ಅದಾರಂತ" ಅಂದ. ನನ್ನ ಗಂಡ ಒಳಗಿಂದಲೇ "ಈ ಸಲ ಗ್ವಾಡಿ ಗಡಿಯಾರ ನಾವ ತರೂದೇನಪಾ?" ಅಂದರು.

ಹೀಗಾಗಿ ಈಗ ಮನೆಯಲ್ಲಿ ನಾನು ರೀಡು ಬಾಯಲ್ಲಿಟ್ಟುಕೊಂಡೇ ರೊಟ್ಟಿ ಬಡಿಯುತ್ತೇನೆ. ಯಾರು ಏನು ಕೇಳಿದರೂ ಬೆರಳು ತೋರಿಸುತ್ತೇನೆ. ಮನೆಯಲ್ಲಿ ಇಷ್ಟು ಶಾಂತಿ ಯಾವತ್ತೂ ಇರಲಿಲ್ಲ ಅಂತ ಇವರು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಮಾತು ಕೊಡುತ್ತೇನೆ ಕಾಕಾ, ಆ ದಿನ ಒಂದು ಉಸಿರೂ ತಡವಾಗುವುದಿಲ್ಲ, ಲಗ್ನ ಹಳೆಯದಾಗಲು ಬಿಡುವುದಿಲ್ಲ. ಇಲಕಲ್ ಸೀರೆ ಉಟ್ಟುಕೊಂಡೇ ಯಲ್ಲಪ್ಪಣ್ಣನ ಪಕ್ಕದಲ್ಲಿ ನಿಲ್ಲುತ್ತೇನೆ. ಬಂದವರು ಬೈದರೆ ಬೈಯಲಿ, ಅದೂ ನಮ್ಮ ಮನೆತನದ ಪದ್ಧತಿಯೇ. ಆದರೆ ಹುಡುಗಿಯ ಅತ್ತಿ ಅಂತ ನನಗೂ ಒಂದು ಮುಷ್ಟಿ ಅಕ್ಕಿ ಇರುತ್ತದೆ. ಕ್ಲಾರಿಯೊನೆಟ್ಟು ಹಿಡಿದ ನನ್ನ ಕೈ ಖಾಲಿ ಇರುವುದಿಲ್ಲ. ನನ್ನ ಮದುವೆಯಲ್ಲಿ ನೀನು ಹಾಕದೆ ಬಿಟ್ಟ ಆ ಮುಷ್ಟಿ ಇನ್ನೂ ಬಾಕಿ ಇದೆಯಲ್ಲ...

ನಾನು ಊದುತ್ತೇನೆ. ಅಕ್ಕಿ ನೀನು ಹಾಕು.

ಓದಿ ಮುಗಿಸಿ ಈಗ ಊದುತ್ತಿರುವ ನಿನ್ನ ಮಗಳು,
ಸುನಂದಾ
ನರಗುಂದ